ಅಕ್ವೇರಿಯಂ ನೀರು ಬದಲಾವಣೆ: ಯಾವ ನೀರು, ಎಷ್ಟು ಪಾಲು, ಯಾವ ವಿಧಾನ?

ನೀರು ಬದಲಿಸಿದ ಮರುದಿನ ಮೀನು ಸತ್ತರೆ ‘ಇನ್ನು ನೀರಿಗೆ ಕೈ ಹಾಕುವುದೇ ಬೇಡ’ ಎಂದು ನಿರ್ಧರಿಸುವವರಿದ್ದಾರೆ. ಇನ್ನು ಕೆಲವರು ತಿಂಗಳಿಗೊಮ್ಮೆ ಮೀನನ್ನೆಲ್ಲ ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಪೂರ್ತಿ ಹೊಸ ನೀರು ತುಂಬುತ್ತಾರೆ. ಎರಡರಿಂದಲೂ ಮೀನಿಗೆ ಕೆಡುಕೇ. ನೀರು ಬದಲಿಸಿದಾಗ ಮೀನು ಒದ್ದಾಡುವುದಕ್ಕೆ ಮುಖ್ಯ ಕಾರಣ ಎರಡು: ಹೊಸ ನೀರಿನಲ್ಲಿ ಉಳಿದ ಕ್ಲೋರಿನ್, ಮತ್ತು ಹಳೆಯ ನೀರಿಗೂ ಹೊಸ ನೀರಿಗೂ ಇರುವ ಅಂತರ. ಉಷ್ಣತೆ, ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ), ಕರಗಿದ ಲವಣ, ಈ ಮೂರರಲ್ಲಿನ ಅಂತರವನ್ನು ಯಾವ ವಿಧಾನ ಕಡಿಮೆ ಮಾಡುತ್ತದೋ ಅದೇ ನಿಮ್ಮ ಟ್ಯಾಂಕಿಗೆ ಸರಿಯಾದದ್ದು.

ಮುಂದಿನ ಲೆಕ್ಕಗಳನ್ನೆಲ್ಲ ಮನೆಗಳಲ್ಲಿ ಹೆಚ್ಚಾಗಿ ಕಾಣುವ 2×1×1 ಅಡಿಯ ಟ್ಯಾಂಕಿಗೆ ಹಾಕಿದ್ದೇವೆ. ಗಾಜಿನ ಅಳತೆಯ ಪ್ರಕಾರ ಅದರಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ತಳದ ಕಲ್ಲು ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಇರುವ ನೀರು 45 ಲೀಟರಿನ ಆಸುಪಾಸು.

ಪೂರ್ತಿ ತೊಳೆಯುವುದೋ, ಒಂದು ಪಾಲು ತೆಗೆಯುವುದೋ

ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಮೀನಿಗೆ ವಿಷವಾದ ಅಮೋನಿಯ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜು, ತಳದ ಕಲ್ಲು, ಗಾಜಿನ ಮೇಲಿನ ಲೋಳೆಯಲ್ಲಿ ಅಂಟಿಕೊಂಡಿರುತ್ತವೆ. ನೀರಿನಲ್ಲಿ ತೇಲಾಡುವುದು ಅತ್ಯಲ್ಪ. ಹಾಗಾಗಿ ನೀರು ತೆಗೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಆದರೆ ಸ್ಪಂಜನ್ನೂ ಕಲ್ಲನ್ನೂ ಕ್ಲೋರಿನ್ ನೀರಿನಲ್ಲಿ ತಿಕ್ಕಿದರೆ ಹೋಗುತ್ತವೆ. ಅವು ಮತ್ತೆ ಬೆಳೆದು ನಿಲ್ಲಲು ವಾರಗಳೇ ಬೇಕು. ಪೂರ್ತಿ ತೊಳೆದ ಟ್ಯಾಂಕಿನಲ್ಲಿ ಮೊದಲ ದಿನ ಚೆನ್ನಾಗಿದ್ದ ಮೀನು ಮೂರು–ನಾಲ್ಕು ದಿನ ಕಳೆದ ಮೇಲೆ ಸಾಯುವುದು ಹೆಚ್ಚಾಗಿ ಈ ಕಾರಣಕ್ಕೆ. ತೊಳೆದ ಕೂಡಲೇ ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ನಾಲ್ಕು ಹನಿ ಹಾಕುವ ರೂಢಿಯಂತೂ ಗಾಯದ ಮೇಲೆ ಬರೆ ಎಳೆದಂತೆ. ಅದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ, ಅಳಿದುಳಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ರೋಗದ ಮೀನನ್ನು ಬೇರೆ ಡಬ್ಬಿಯಲ್ಲಿಟ್ಟು ಉಪಚರಿಸುವಾಗ ಮಾತ್ರ ಅದಕ್ಕೆ ಜಾಗ.

ಪೂರ್ತಿ ಖಾಲಿ ಮಾಡಿ ತೊಳೆಯಲೇಬೇಕಾದ ಸಂದರ್ಭ ಕಡಿಮೆ: ಗಾಜು ಸೋರುತ್ತಿರುವುದು, ಅಥವಾ ರೋಗದಿಂದ ಮೀನೆಲ್ಲ ಸತ್ತು ಹೊಸದಾಗಿ ಆರಂಭಿಸುವುದು. ಸೊಳ್ಳೆ ಸ್ಪ್ರೇ ಅಥವಾ ಸೋಪು ನೀರು ಬಿದ್ದಿದ್ದರೆ ಬಹುಪಾಲು ನೀರನ್ನು ತಕ್ಷಣ ಬದಲಿಸಿ, ಫಿಲ್ಟರ್ ಸ್ಪಂಜನ್ನು ಮಾತ್ರ ತೊಳೆಯಬೇಡಿ.

ಉಳಿದಂತೆ ಎಲ್ಲರಿಗೂ ವಾರಕ್ಕೊಂದು ಪಾಲು. ಎಷ್ಟು ಪಾಲು ಎಂಬುದನ್ನು ನೈಟ್ರೇಟ್ ಲೆಕ್ಕ ಹೇಳುತ್ತದೆ. ನಿಮ್ಮ ಟ್ಯಾಂಕಿನಲ್ಲಿ ವಾರಕ್ಕೆ ಲೀಟರಿಗೆ 10 ಮಿ.ಗ್ರಾಂ. ನೈಟ್ರೇಟ್ ಕೂಡುತ್ತಿದೆ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಎಂದಿಟ್ಟುಕೊಳ್ಳಿ. ವಾರಕ್ಕೆ ಶೇ. 10 ಮಾತ್ರ ಬದಲಿಸಿದರೆ ಅದು ಏರುತ್ತಾ ಹೋಗಿ 100ರ ಹತ್ತಿರ ನಿಲ್ಲುತ್ತದೆ. ಶೇ. 25 ಬದಲಿಸಿದರೆ 40ರಲ್ಲಿ, ಶೇ. 50 ಬದಲಿಸಿದರೆ 20ರಲ್ಲಿ ನಿಲ್ಲುತ್ತದೆ. ವಾರದ ಉತ್ಪತ್ತಿಯನ್ನು ಪಾಲಿನಿಂದ ಭಾಗಿಸಿದರೆ ಸಿಗುವ ಅಂಕಿ ಇದು. ಸಾಧಾರಣ ಮೀನುಗಳಿಗೆ 40ರೊಳಗೆ ಇರಿಸಿಕೊಳ್ಳುವುದು ಒಳ್ಳೆಯದು. ಆದ್ದರಿಂದ ಮಿತವಾಗಿ ಮೀನಿರುವ ಟ್ಯಾಂಕಿಗೆ ವಾರಕ್ಕೆ ಶೇ. 25, ಅಂದರೆ ನಮ್ಮ ಅಳತೆಯ ಟ್ಯಾಂಕಿಗೆ 11 ಲೀಟರ್, ಸಾಕಾಗುತ್ತದೆ. ಮೀನು ಹೆಚ್ಚಿದ್ದರೆ ಶೇ. 25ರಂತೆ ವಾರಕ್ಕೆರಡು ಸಲ ಮಾಡುವುದು ಶೇ. 50 ಒಂದೇ ಸಲ ಮಾಡುವುದಕ್ಕಿಂತ ಮೃದು. ನೈಟ್ರೇಟ್ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಒಂದೊಂದು ಸಲದ ಜಿಗಿತ ಮಾತ್ರ ಅರ್ಧವಾಗುತ್ತದೆ.

ಆವಿಯಾದಷ್ಟು ನೀರು ತುಂಬುವುದನ್ನು ನೀರು ಬದಲಾವಣೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ಆವಿಯಾಗಿ ಹೋಗುವುದು ಬರೀ ನೀರು, ಲವಣ ಒಳಗೇ ಉಳಿಯುತ್ತದೆ. ಆರು ತಿಂಗಳು ಬೋರ್ ನೀರನ್ನು ಹೀಗೆ ಮೇಲಿಂದ ಮೇಲೆ ತುಂಬುತ್ತಾ ಹೋದ ಟ್ಯಾಂಕಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಒಟ್ಟು ಲವಣ, ಮಿ.ಗ್ರಾಂ.ನಲ್ಲಿ) ನಲ್ಲಿಯ ನೀರಿಗಿಂತ ಬಹಳ ಮೇಲೆ ಹೋಗಿರುತ್ತದೆ.

ಬಹಳ ದಿನ ನೀರು ಬದಲಿಸದ ಟ್ಯಾಂಕ್

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ‘ನೀರು ಬದಲಿಸಿದ್ದಕ್ಕೇ ಸತ್ತವು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇಂಥ ಟ್ಯಾಂಕೇ. ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ನೀರಿನ ಕ್ಷಾರೀಯತೆಯನ್ನು, ಅಂದರೆ ಕೆಎಚ್ ಎಂದು ಅಳೆಯುವುದನ್ನು, ಖರ್ಚು ಮಾಡುತ್ತವೆ. ಹೊಸ ನೀರು ಬರದಿದ್ದರೆ ಕೆಎಚ್ ಮುಗಿದು ಪಿಎಚ್ 6ರ ಕಡೆಗೆ ಜಾರುತ್ತದೆ. ಆಗ ಬ್ಯಾಕ್ಟೀರಿಯಾದ ಕೆಲಸವೂ ನಿಧಾನವಾಗಿ ಅಮೋನಿಯ ಕೂಡುತ್ತದೆ. ಆದರೂ ಮೀನು ಬದುಕಿರುತ್ತವೆ, ಏಕೆಂದರೆ ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟು ವಿಷವಲ್ಲ. 25 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ವಿಷರೂಪದ ಪಾಲು ಶೇ. 0.06ರಷ್ಟು, ಪಿಎಚ್ 8 ಆದರೆ ಶೇ. 5ಕ್ಕಿಂತ ಹೆಚ್ಚು. ಅಂಥ ಟ್ಯಾಂಕಿಗೆ ಒಮ್ಮೆಲೇ ಅರ್ಧದಷ್ಟು ಬೋರ್ ನೀರು ಸುರಿದರೆ ಪಿಎಚ್ ಮೇಲಕ್ಕೆ ಜಿಗಿದು, ತಣ್ಣಗೆ ಬಿದ್ದಿದ್ದ ಅಮೋನಿಯ ಸಂಜೆಯೊಳಗೆ ಹತ್ತಾರು ಪಟ್ಟು ವಿಷವಾಗುತ್ತದೆ.

ಆದ್ದರಿಂದ ಎರಡು–ಮೂರು ತಿಂಗಳು ಮುಟ್ಟದ ಟ್ಯಾಂಕಿನಲ್ಲಿ ಮೊದಲು ಅಮೋನಿಯ ಮತ್ತು ಪಿಎಚ್ ಪರೀಕ್ಷಿಸಿ. ಟ್ಯಾಂಕಿನ ಪಿಎಚ್ ನಲ್ಲಿಯ ನೀರಿಗಿಂತ ಒಂದು ಅಂಕಿ ಕೆಳಗಿದ್ದರೆ ದಿನ ಬಿಟ್ಟು ದಿನ ಶೇ. 10ರಂತೆ, ನಮ್ಮ ಲೆಕ್ಕದಲ್ಲಿ 4–5 ಲೀಟರ್, ಎರಡು ವಾರ ಬದಲಿಸಿ. ಅಮೋನಿಯ ಕಂಡುಬಂದರೆ ಅದನ್ನು ಹಿಡಿದಿಡುವ ಕಂಡೀಷನರನ್ನು (ನೀರಿಗೆ ಹಾಕುವ ದ್ರಾವಣ, ವಿವರ ಮುಂದಿದೆ) ಪ್ರತಿ ಸಲವೂ ಪೂರ್ತಿ ಟ್ಯಾಂಕಿನ ಲೆಕ್ಕದಲ್ಲಿ ಹಾಕಿ. ಅಂತರ ಅರ್ಧ ಅಂಕಿಯೊಳಗೆ ಬಂದ ಮೇಲೆ ವಾರಕ್ಕೆ ಶೇ. 25ಕ್ಕೆ ಹೋಗಬಹುದು.

ಕಾವೇರಿ, ಬೋರ್, ಟ್ಯಾಂಕರ್, ಆರ್‌ಒ, ಬಾವಿ

ಬೆಂಗಳೂರಿನ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ, ಸುಮಾರು 100 ಕಿ.ಮೀ. ಪೈಪಿನಲ್ಲಿ ಬರುತ್ತದೆ. ಬೋರ್ ನೀರಿಗಿಂತ ಬಹಳ ಮೆದು, ಹೆಚ್ಚಿನ ಮೀನುಗಳಿಗೆ ಹೊಂದುತ್ತದೆ. ಸಿಗುವುದಾದರೆ ಇದೇ ಮೊದಲ ಆಯ್ಕೆ. ತೊಡಕು ಕ್ಲೋರಿನ್‌ನದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕೇಳುವ ಕನಿಷ್ಠ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ., ಮೀನಿನ ಕಿವಿರಿಗೆ ಅದರ ಅರ್ಧವೂ ಹಾನಿಕರ.

ಇನ್ನೊಂದು ತೊಡಕು ಸಂಪಿನಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರಿನ ಸಾಮರ್ಥ್ಯ ಬಂದಿತು. ನಗರದ ಅಂಚಿನ 110 ಹಳ್ಳಿಗಳ ಪ್ರದೇಶಕ್ಕೆಂದೇ ರೂಪಿಸಿದ ಯೋಜನೆ ಅದು. ಬೋರ್ ಮತ್ತು ಟ್ಯಾಂಕರ್ ನಂಬಿಕೊಂಡಿದ್ದ ಮನೆಗಳ ಸಂಪಿಗೆ ಕಾವೇರಿಯೂ ಬಂದು ಸೇರಿದರೆ, ಒಂದೇ ನಲ್ಲಿಯಲ್ಲಿ ಸೋಮವಾರ 250, ಗುರುವಾರ 800 ಟಿಡಿಎಸ್ ಬರುವುದು ಅಲ್ಲಿ ಸಾಧ್ಯ. ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಇಂಥವರಿಗೆ ಕಡ್ಡಾಯ. ಲೆಕ್ಕ ಸುಲಭ: ಅಂತರವನ್ನು ಪಾಲಿನಿಂದ ಗುಣಿಸಿ. ಟ್ಯಾಂಕ್ 300, ಹೊಸ ನೀರು 800, ಬದಲಿಸುವುದು ಶೇ. 25 ಆದರೆ ಏರಿಕೆ 125. ಒಂದು ಸಲಕ್ಕೆ 50ರಿಂದ 80ರೊಳಗಿನ ಬದಲಾವಣೆ ನಮ್ಮ ಸಲಹೆ. ಇಲ್ಲಿ ಶೇ. 10 ಮಾಡಿ ನಿಲ್ಲಿಸಿ, ಉಳಿದದ್ದನ್ನು ಮತ್ತೊಂದು ದಿನಕ್ಕೆ ಬಿಡಿ. ಪಿಎಚ್‌ಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ಅಳೆದೇ ನೋಡಬೇಕು.

ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ಎಂಬುದು ದೊಡ್ಡ ಅನುಕೂಲ. ಗಪ್ಪಿ, ಮೋಲಿ, ಪ್ಲಾಟಿ, ಆಫ್ರಿಕನ್ ಸಿಕ್ಲಿಡ್‌ಗಳಿಗೆ ಗಡಸು ನೀರೇ ಇಷ್ಟ. ಆದರೆ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಈಗತಾನೇ ಹಿಡಿದ ನೀರಿನ ಪಿಎಚ್ 7 ತೋರಿಸಿ, ಒಂದು ರಾತ್ರಿ ಏರ್‌ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿಟ್ಟರೆ 8ಕ್ಕೆ ಏರಿರುವುದು ಅಪರೂಪವಲ್ಲ. ಹೋಲಿಸಬೇಕಾದದ್ದು ಈ ಎರಡನೇ ಅಂಕಿಯನ್ನು. ನೈಟ್ರೇಟನ್ನೂ ಒಮ್ಮೆ ಪರೀಕ್ಷಿಸಿ. ಕುಡಿಯುವ ನೀರಿಗೆ 45 ಮಿ.ಗ್ರಾಂ.ವರೆಗೆ ಅನುಮತಿ ಇದೆ, ಅಷ್ಟಿರುವ ನೀರಿನಿಂದ ಟ್ಯಾಂಕಿನ ನೈಟ್ರೇಟ್ ಇಳಿಸಲಾಗದು.

ಟ್ಯಾಂಕರ್ ನೀರು ನಮ್ಮ ಪಟ್ಟಿಯಲ್ಲಿ ಕೊನೆಯದು. ಮೂಲ ಪ್ರತಿ ಸಲ ಬೇರೆ, ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಎಷ್ಟೆಂದು ಯಾರೂ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಸಂಪು ತೊಳೆದ ವಾರವೂ ಹೀಗೇ. ಆ ವಾರ ನೀರು ಬದಲಾವಣೆ ಮುಂದೂಡಿದರೆ ನಷ್ಟವಿಲ್ಲ, ಮೀನಿನ ಆಹಾರ ಅರ್ಧ ಮಾಡಿ.

ಆರ್‌ಒ ನೀರು ಶುದ್ಧ ಎಂಬ ಕಾರಣಕ್ಕೆ ಅದನ್ನೇ ತುಂಬುವವರು ಎಡವುತ್ತಾರೆ. ಅದರಲ್ಲಿ ಕೆಎಚ್ ಇಲ್ಲದಿರುವುದರಿಂದ ಪಿಎಚ್ ಹಿಡಿತಕ್ಕೆ ಸಿಗುವುದಿಲ್ಲ, ಒಂದೆರಡು ವಾರದಲ್ಲೇ ಕುಸಿಯಬಹುದು. ಗಡಸು ನೀರನ್ನು ಮೆದು ಮಾಡಲು ಬೆರೆಸುವುದಕ್ಕೆ ಮಾತ್ರ ಅದು ಉತ್ತಮ: 900 ಟಿಡಿಎಸ್‌ನ ಬೋರ್ ನೀರು 1 ಪಾಲು, 30 ಟಿಡಿಎಸ್‌ನ ಆರ್‌ಒ 3 ಪಾಲು ಬೆರೆಸಿದರೆ ಸುಮಾರು 250 ಸಿಗುತ್ತದೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಮೂಲಕ್ಕಿಂತ ಹೆಚ್ಚು ಲವಣದ್ದು, ಟ್ಯಾಂಕಿಗೆ ಬೇಡ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ. ಟಿಡಿಎಸ್ ಇಳಿದಿರುವುದೇ ಇಲ್ಲ. ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿ ಇದ್ದರೆ ಅಲ್ಲಿಂದಲೇ ಹಿಡಿಯಿರಿ.

ಕರಾವಳಿಯ ಮುರಕಲ್ಲಿನ ಬಾವಿಗಳ ಕಥೆ ಇದಕ್ಕೆ ತಿರುಗುಮುರುಗು. ನೀರು ತುಂಬಾ ಮೆದು, ಹಲವೆಡೆ ಪಿಎಚ್ 7ಕ್ಕಿಂತ ಕೆಳಗೆ, ಕೆಎಚ್ ನಾಮಮಾತ್ರ. ಟೆಟ್ರಾಗಳಿಗೆ ಹಬ್ಬ, ಮೋಲಿಗೆ ಕಷ್ಟ. ತೊಳೆದು ಒಣಗಿಸಿದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಹಿಡಿ ಫಿಲ್ಟರಿನಲ್ಲಿ ಇಟ್ಟರೆ ಕೆಎಚ್ ನಿಧಾನವಾಗಿ ಸಿಗುತ್ತದೆ. ಬೇಗ ಬೇಕೆಂದರೆ ಅಡುಗೆ ಸೋಡಾ: 50 ಲೀಟರಿಗೆ 6 ಗ್ರಾಂ, ಸುಮಾರು ಒಂದು ಟೀ ಚಮಚ, ಕೆಎಚ್ ಅನ್ನು 4 ಡಿಗ್ರಿ ಏರಿಸುತ್ತದೆ. ಅದನ್ನು ಹೊಸ ನೀರಿಗೆ ಬೆರೆಸಿ ಹಾಕಿ, ಟ್ಯಾಂಕಿಗೆ ನೇರವಾಗಿ ಉದುರಿಸಬೇಡಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಬಾವಿ ನೀರನ್ನೂ ಕ್ಲೋರಿನ್ ನೀರೆಂದೇ ಎಣಿಸಬೇಕು.

ಕ್ಲೋರಿನ್ ಕಳೆಯುವ ನಾಲ್ಕು ದಾರಿ

ನೀರನ್ನು ಇಟ್ಟು ಕಳೆಯುವುದು ಖರ್ಚಿಲ್ಲದ ದಾರಿ. ಅಗಲ ಬಾಯಿಯ ತೆರೆದ ಟಬ್ಬಿನಲ್ಲಿ ಏರ್‌ಸ್ಟೋನ್ ಹಾಕಿ 24 ಗಂಟೆ, ಏರ್‌ಸ್ಟೋನ್ ಇಲ್ಲದಿದ್ದರೆ 48 ಗಂಟೆ. ಮುಚ್ಚಳ ಹಾಕಿದ ಡ್ರಮ್ಮಿನಲ್ಲೋ ಸಿಂಟೆಕ್ಸಿನಲ್ಲೋ ಎರಡು ದಿನ ಇದ್ದ ನೀರು ‘ಇಟ್ಟ ನೀರು’ ಅಲ್ಲ, ಕ್ಲೋರಿನ್ ಹೊರಹೋಗಲು ದಾರಿಯೇ ಇರುವುದಿಲ್ಲ. ಕ್ಲೋರಿನ್ ಅಮೋನಿಯದೊಂದಿಗೆ ಕೂಡಿ ಕ್ಲೋರಮೈನ್ ಆಗಿದ್ದರೂ ಇಡುವುದರಿಂದ ಹೋಗುವುದಿಲ್ಲ.

ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಹೆಸರಿನಲ್ಲಿ ಸಿಗುವ ಹರಳು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಹಳಬರು ಹೈಪೋ ಎನ್ನುತ್ತಾರೆ. ಬೆಲೆಗೆ ಹೋಲಿಸಿದರೆ ಇದಕ್ಕೆ ಸಾಟಿಯಿಲ್ಲ. 10 ಗ್ರಾಂ ಹರಳನ್ನು 100 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ ಬಣ್ಣದ ಬಾಟಲಿಯಲ್ಲಿಡಿ. ಸಿರಿಂಜಿನಲ್ಲಿ 10 ಲೀಟರಿಗೆ 1 ಮಿ.ಲೀ. ಹಾಕಿ ಕಲಕಿದರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇಷ್ಟು ಪ್ರಮಾಣ ಲೀಟರಿಗೆ ಸುಮಾರು 1.4 ಮಿ.ಗ್ರಾಂ. ಕ್ಲೋರಿನ್‌ವರೆಗೆ ಸಾಕು, ನಲ್ಲಿ ನೀರಿಗೆ ಧಾರಾಳ. ಬ್ಲೀಚಿಂಗ್ ಪೌಡರ್ ಬಿದ್ದ ನೀರಿಗೆ ಸಾಲದು. ಅಲ್ಲಿ ಕ್ಲೋರಿನ್ ಪತ್ತೆಹಚ್ಚುವ ಓಟಿ (ಆರ್ಥೋಟೊಲಿಡಿನ್) ಪರೀಕ್ಷಾ ದ್ರಾವಣದ ಕಿಟ್ ಇಟ್ಟುಕೊಳ್ಳಿ: ಮಾದರಿ ನೀರು ಹಳದಿಯಾದರೆ ಕ್ಲೋರಿನ್ ಇದೆ, ಕಿತ್ತಳೆಯತ್ತ ತಿರುಗಿದರೆ ಬಹಳ ಇದೆ. ಪ್ರಮಾಣ ಇಮ್ಮಡಿ ಮಾಡಿ ಮತ್ತೆ ಪರೀಕ್ಷಿಸಿ, ನೀರು ಬಣ್ಣವಿಲ್ಲದೆ ಉಳಿದ ಮೇಲೆಯೇ ಬಳಸಿ. ಪರೀಕ್ಷಿಸಿದ ನೀರನ್ನು ಟ್ಯಾಂಕಿಗೆ ಸುರಿಯಬಾರದು.

ಸೀಕೆಮ್ ಪ್ರೈಮ್‌ನಂಥ ಕಂಡೀಷನರ್ ದುಬಾರಿ, ಆದರೆ ಕ್ಲೋರಮೈನ್ ಒಡೆದಾಗ ಬಿಡುಗಡೆಯಾಗುವ ಅಮೋನಿಯವನ್ನೂ ತಾತ್ಕಾಲಿಕವಾಗಿ ಹಿಡಿಯುತ್ತದೆಂದು ತಯಾರಕರು ಹೇಳುತ್ತಾರೆ. ಅವರು ಕೊಟ್ಟಿರುವ ಪ್ರಮಾಣ 200 ಲೀಟರಿಗೆ 5 ಮಿ.ಲೀ. ಹಳೆಯ ಟ್ಯಾಂಕ್ ಸರಿಪಡಿಸುವವರಿಗೆ, ಹೊಸ ಫಿಲ್ಟರ್ ಇರುವವರಿಗೆ ಇದರ ಬೆಲೆ ಸಾರ್ಥಕ. ಉಳಿದವರಿಗೆ ಹೈಪೋ ಸಾಕು. ಇದ್ದಿಲು ಕಾರ್ಟ್ರಿಜ್ ನಾಲ್ಕನೆಯ ದಾರಿ. ನೀರು ನಿಧಾನವಾಗಿ ಹರಿದರೆ ಮಾತ್ರ ಅದು ಕ್ಲೋರಿನ್ ಹಿಡಿಯುತ್ತದೆ, ಸವೆದದ್ದು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಟ್ಯಾಂಕುಗಳ ಸಾಲೇ ಇದ್ದವರು ಯೋಚಿಸಬಹುದು.

ಉಷ್ಣತೆ

ಟ್ಯಾಂಕ್ 27 ಡಿಗ್ರಿ, ಡಿಸೆಂಬರ್ ಬೆಳಗಿನ ನಲ್ಲಿ ನೀರು 20 ಡಿಗ್ರಿ ಇದ್ದು ಶೇ. 25 ಬದಲಿಸಿದರೆ ಇಳಿಕೆ 1.75 ಡಿಗ್ರಿ, ಶೇ. 50 ಬದಲಿಸಿದರೆ 3.5. ಮೊದಲನೆಯದನ್ನು ಮೀನು ತಡೆದುಕೊಳ್ಳುತ್ತದೆ. ಎರಡನೆಯದರ ನಂತರ ಮೈಮೇಲೆ ರವೆಯಂಥ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಒಂದೂವರೆ ಡಿಗ್ರಿಯೊಳಗೆ ಹಿಡಿಯುವ ಗುರಿ ಇರಲಿ. ಬಕೆಟ್ಟಿಗೆ ಸ್ವಲ್ಪ ಬಿಸಿನೀರು ಬೆರೆಸಿ ಥರ್ಮಾಮೀಟರ್‌ನಲ್ಲೇ ನೋಡಿ, ಕೈಗೆ ಅಂತರ ಸರಿಯಾಗಿ ತಿಳಿಯುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತೊಡಕು ಉಲ್ಟಾ: ಮಧ್ಯಾಹ್ನದ ಸಿಂಟೆಕ್ಸ್ ನೀರು ಕೈಗೇ ಸುಡುತ್ತದೆ. ಅಲ್ಲಿ ರಾತ್ರಿ ಹಿಡಿದಿಟ್ಟ ನೀರನ್ನು ಬೆಳಗ್ಗೆ ಬಳಸುವುದೇ ಸರಿ.

ನೀರು ತೆಗೆಯುವುದು

ಮಗ್ಗಿನಿಂದ ತೆಗೆದರೆ ಮೇಲಿನ ಶುಭ್ರ ನೀರು ಹೋಗುತ್ತದೆ, ತಳದ ಕೊಳೆ ಹಾಗೇ ಕೂತಿರುತ್ತದೆ. ಪದೇ ಪದೇ ಕೈ ಒಳಗೆ ಹೋಗುವುದರಿಂದ ಮೀನು ಮೂಲೆ ಸೇರುತ್ತವೆ. 10–15 ಲೀಟರಿನ ಫೈಟರ್ ಮೀನಿನ ಟ್ಯಾಂಕಿಗೂ ಅದಕ್ಕಿಂತ ಏರ್ ಪಂಪಿನ ಸಣ್ಣ ಟ್ಯೂಬ್ ಲೇಸು. ಎರಡು ಅಡಿಯ ಟ್ಯಾಂಕಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಕೆಲಸದವರು ಕೊಳ್ಳುವ ಅರ್ಧ ಇಂಚಿನ ಪಾರದರ್ಶಕ ಲೆವೆಲ್ ಪೈಪ್ ಎರಡು ಮೀಟರ್ ತನ್ನಿ. ಪೈಪನ್ನು ಪೂರ್ತಿ ಟ್ಯಾಂಕಿನೊಳಗೆ ಮುಳುಗಿಸಿ ಗಾಳಿ ಹೊರಹಾಕಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಟ್ಯಾಂಕಿಗಿಂತ ಕೆಳಗಿರುವ ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರೆ ನೀರು ತಾನೇ ಹರಿಯುತ್ತದೆ. ಬಾಯಿಯಿಂದ ಎಳೆಯುವ ಅಗತ್ಯವಿಲ್ಲ. ಒಳತುದಿಗೆ ದಪ್ಪ ಕೊಳವೆ ಇರುವ ಗ್ರಾವೆಲ್ ಕ್ಲೀನರ್ ಇದಕ್ಕಿಂತ ಮೇಲು, ಕಲ್ಲುಗಳನ್ನು ಮೇಲೆತ್ತಿ ಕೊಳೆಯನ್ನಷ್ಟೇ ಒಯ್ಯುತ್ತದೆ. ಒಂದು ವಾರ ತಳದ ಎಡ ಅರ್ಧ, ಮುಂದಿನ ವಾರ ಬಲ ಅರ್ಧ ಮಾಡಿ. ತಳ ಮರಳಿನದಾದರೆ ಕೊಳವೆಯನ್ನು ಒಂದಂಗುಲ ಮೇಲೆ ತೇಲಿಸಿ ಹಿಡಿಯಿರಿ.

100 ಲೀಟರ್ ಮೀರಿದ ಟ್ಯಾಂಕಿಗೆ ಸಣ್ಣ ಸಬ್‌ಮರ್ಸಿಬಲ್ ಪಂಪ್ ಬೆನ್ನುಳಿಸುತ್ತದೆ. ಹೀರುವ ಬಾಯಿಗೆ ಸ್ಪಂಜು ಕಟ್ಟಿ, ಮರಿಗಳೂ ಚಿಕ್ಕ ಮೀನುಗಳೂ ಸಿಕ್ಕಿಬೀಳುತ್ತವೆ.

ಯಾವುದರಿಂದ ತೆಗೆದರೂ ಮೊದಲು ಹೀಟರ್ ಸ್ವಿಚ್ ಆರಿಸಿ 15 ನಿಮಿಷ ಕಾಯಿರಿ. ಬಿಸಿಯಿರುವ ಹೀಟರ್ ನೀರಿನಿಂದ ಹೊರಬಂದರೆ ಗಾಜು ಸಿಡಿಯುತ್ತದೆ. ಫಿಲ್ಟರ್ ಪ್ಲಗ್ಗನ್ನೂ ತೆಗೆಯಿರಿ, ನೀರಿಲ್ಲದೆ ತಿರುಗಿದ ಮೋಟಾರ್ ಸುಟ್ಟುಹೋಗುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ. ಈ ಕೆಲಸದ ಬಕೆಟ್ ಸೋಪು ಕಾಣದ್ದಾಗಿರಬೇಕು.

ನೀರು ತುಂಬುವುದು

ಬಕೆಟ್ ಎತ್ತಿ ಸುರಿಯುವುದು ಅತ್ಯಂತ ಒರಟು ದಾರಿ. ನೀರಿನ ಮೇಲೆ ಒಂದು ತಟ್ಟೆ ತೇಲಿಬಿಟ್ಟು ಅದರ ಮೇಲೆ ಮಗ್ಗಿನಿಂದ ಹಾಕಿದರೆ ತಳ ಕದಡುವುದಿಲ್ಲ, ಗಿಡ ಏಳುವುದಿಲ್ಲ. ಇದಕ್ಕಿಂತ ಚೆನ್ನ, ಬಕೆಟ್ಟನ್ನು ಟ್ಯಾಂಕಿಗಿಂತ ಎತ್ತರದ ಸ್ಟೂಲಿನ ಮೇಲಿಟ್ಟು ಅದೇ ಲೆವೆಲ್ ಪೈಪಿನಲ್ಲಿ ಇಳಿಸುವುದು. 11 ಲೀಟರಿಗೆ 10–15 ನಿಮಿಷ ಹಿಡಿಯುವಂತೆ ಪೈಪನ್ನು ಕ್ಲಿಪ್ಪಿನಿಂದ ಬಿಗಿಯಿರಿ. ನಲ್ಲಿಯಿಂದ ನೇರ ಪೈಪು ಬಿಡುವವರು ಹೈಪೋವನ್ನು ಮೊದಲೇ ಟ್ಯಾಂಕಿಗೆ ಹಾಕಬೇಕು, ಅದೂ ಸೇರಿಸುವ ನೀರಿನ ಲೆಕ್ಕದಲ್ಲಲ್ಲ, ಪೂರ್ತಿ 45 ಲೀಟರಿನ ಲೆಕ್ಕದಲ್ಲಿ, ಅಂದರೆ 4.5 ಮಿ.ಲೀ. ಬೋರ್ ನೀರು, ಟ್ಯಾಂಕರ್ ನೀರಿಗೆ ಈ ದಾರಿ ಬೇಡ.

ಸೀಗಡಿ ಟ್ಯಾಂಕಿಗೆ ಹನಿ ವಿಧಾನವೊಂದೇ ಸರಿ. ಏರ್ ಟ್ಯೂಬಿಗೆ ವಾಲ್ವ್ ಹಾಕಿ ಸೆಕೆಂಡಿಗೆ 4 ಹನಿ ಬಿಟ್ಟರೆ ಗಂಟೆಗೆ ಸುಮಾರು 700 ಮಿ.ಲೀ. ಇಳಿಯುತ್ತದೆ. 20 ಲೀಟರಿನ ಟ್ಯಾಂಕಿನ ಶೇ. 10ಕ್ಕೆ ಮೂರು ಗಂಟೆ. ಒಮ್ಮೆಲೇ ಸುರಿದರೆ ಲವಣದ ಅಂತರಕ್ಕೆ ಸೀಗಡಿ ಅಕಾಲದಲ್ಲಿ ಪೊರೆ ಕಳಚಿ ಸಾಯುತ್ತದೆ.

ಯಾವ ಮೀನಿಗೆ ಏನು

ಗಪ್ಪಿ, ಮೋಲಿ, ಪ್ಲಾಟಿಗೆ ಬೋರ್ ಅಥವಾ ಕಾವೇರಿ, ವಾರಕ್ಕೆ ಶೇ. 25. ನಿಯಾನ್ ಟೆಟ್ರಾ, ಏಂಜಲ್‌ಗೆ ಕಾವೇರಿ ಅಥವಾ ಆರ್‌ಒ ಬೆರೆಸಿದ ನೀರು, ವಾರಕ್ಕೆ ಶೇ. 20–25. ಗೋಲ್ಡ್‌ಫಿಶ್ ಬಹಳ ಕೊಳೆ ಮಾಡುವ ಮೀನು, ವಾರಕ್ಕೆ ಶೇ. 25ರಂತೆ ಎರಡು ಸಲ. ನಿಜ ಹೇಳಬೇಕೆಂದರೆ 45 ಲೀಟರ್ ಅದಕ್ಕೆ ಸಾಲದು. ಫ್ಲವರ್‌ಹಾರ್ನ್, ಆಸ್ಕರ್‌ಗೆ ವಾರಕ್ಕೆ ಶೇ. 30–50. ಡಿಸ್ಕಸ್ ಸಾಕುವವರು ವಾರದಲ್ಲಿ ಹಲವು ಸಲ ಶೇ. 30–50 ಮಾಡುತ್ತಾರೆ. ಅದು ನಡೆಯುವುದು ಹೊಸ ನೀರು ಉಷ್ಣತೆಯಲ್ಲೂ ಟಿಡಿಎಸ್‌ನಲ್ಲೂ ಟ್ಯಾಂಕಿನ ನೀರಿನಷ್ಟೇ ಇರುವಂತೆ ಡ್ರಮ್ಮಿನಲ್ಲಿ ಮುಂಚಿತವಾಗಿ ತಯಾರಾಗಿರುವುದರಿಂದ. ಡ್ರಮ್ಮಿಗೆ ಜಾಗವಿಲ್ಲದ ಮನೆಗೆ ಡಿಸ್ಕಸ್ ಬೇಡ.

ಬದಲಿಸಿದ ಮೇಲಿನ ಎರಡು ಗಂಟೆ

ಫಿಲ್ಟರ್, ಹೀಟರ್ ಮತ್ತೆ ಹಾಕಿ, ಏರ್‌ಸ್ಟೋನ್ ಚುರುಕಾಗಿ ಓಡಲಿ. ಎರಡು ಗಂಟೆ ಆಹಾರ ಬೇಡ. ಮೀನು ಕೆಲ ನಿಮಿಷ ಮಂಕಾಗಿ ಆಮೇಲೆ ಎಂದಿನಂತೆ ಈಜಿದರೆ ಎಲ್ಲ ಸರಿ ಇದೆ.

ಹತ್ತೇ ನಿಮಿಷದಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಕಿವಿರು ವೇಗವಾಗಿ ಮಿಡಿಯುತ್ತಿದ್ದರೆ, ಅತ್ತಿತ್ತ ಧಾವಿಸುತ್ತಿದ್ದರೆ ಕ್ಲೋರಿನ್ ಎಂದೇ ತಿಳಿಯಿರಿ. ಪರೀಕ್ಷೆಗೆ ಕಾಯದೆ ಪೂರ್ತಿ ಟ್ಯಾಂಕಿನ ಲೆಕ್ಕದಲ್ಲಿ ಹೈಪೋ ಹಾಕಿ, ಗಾಳಿ ಹೆಚ್ಚಿಸಿ. ಅದೇ ನಲ್ಲಿಯ ನೀರನ್ನು ಮತ್ತೆ ಸುರಿಯಬೇಡಿ. ರೆಕ್ಕೆ ಮುದುರಿ ತಳದಲ್ಲಿ ಕೂತಿದ್ದರೆ ಉಷ್ಣತೆ, ಪಿಎಚ್, ಟಿಡಿಎಸ್ ಅಳೆಯಿರಿ. ಅಂತರ ದೊಡ್ಡದಾಗಿದ್ದರೂ ಗಾಬರಿಯಿಂದ ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಎರಡನೇ ಜಿಗಿತ ಮೊದಲನೆಯದಕ್ಕಿಂತ ಕೆಟ್ಟದ್ದು. ದೀಪ ಆರಿಸಿ ಬಿಟ್ಟುಬಿಡಿ. ಬದಲಿಸಿ ಎರಡು–ಮೂರು ದಿನಗಳ ನಂತರ ಮೀನು ಮೇಲೆ ಬರತೊಡಗಿದರೆ ಅಮೋನಿಯ, ನೈಟ್ರೈಟ್ ಪರೀಕ್ಷಿಸಿ. ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂನಂತೆ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ ಒಂದು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಬಿಡದೆ ತಡೆಯುತ್ತದೆ. ಫಿಲ್ಟರ್ ಚೇತರಿಸಿಕೊಳ್ಳುವವರೆಗೆ ದಿನಕ್ಕೆ ಶೇ. 20 ಬದಲಿಸಿ, ಆಹಾರ ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟು ಮಾತ್ರ. ಪ್ರತಿ ಬದಲಾವಣೆಯಲ್ಲಿ ತೆಗೆದ ನೀರಿನ ಪಾಲಿಗೆ ತಕ್ಕ ಉಪ್ಪನ್ನು, ನಮ್ಮ ಟ್ಯಾಂಕಿನಲ್ಲಿ 9 ಲೀಟರಿಗೆ 9 ಗ್ರಾಂ, ಹೊಸ ನೀರಿನಲ್ಲಿ ಕರಗಿಸಿ ಸೇರಿಸಿ.